ಕಿಟಕಿ ಮುಚ್ಚಿದ ಮನೆಯಲ್ಲಿ ಒಂದು ಬಾಣಂತನ

ಆಗ ನನಗೆ ಮೂವತ್ತೆರಡೋ ಮೂವತ್ಮೂರೋ. ಈಗ ಅದಾಗಿ ಐವತ್ತು ವರ್ಷಕ್ಕೂ ಮೇಲಾಯಿತು. ನಾನು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ, ವಯಸ್ಸು ಒಂದೆರಡು ಆಚೀಚೆ ಇರಬಹುದು. ಆ ಮಾಗಿಯಲ್ಲಿ ನಡೆದದ್ದು ಮಾತ್ರ ಆಚೀಚೆ ಇಲ್ಲ. ಅಕ್ಷರ ಕಲಿತದ್ದು ಮೊಮ್ಮಗಳ ಜೊತೆ ಕೂತು, ಮುದುಕಿಯಾದ ಮೇಲೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಹೆರಿಗೆ ಮಾಡಿಸುತ್ತಿದ್ದೆ, ಬಾಣಂತನವನ್ನೂ ಮಾಡುತ್ತಿದ್ದೆ. ನಮ್ಮದು ಸಾಣೆಗುರುವನಹಳ್ಳಿ. ರಾಗಿ ಹೊಲದ ಬದು ಹಿಡಿದು ನಡೆದರೆ ರಾಜಾಜಿನಗರ. ಅಲ್ಲಿ ಕಾರ್ಖಾನೆ ಕೆಲಸದವರಿಗೆ ಅಂತ ಆಗಷ್ಟೇ ಸಾಲುಮನೆ ಕಟ್ಟಿದ್ದರು. ದೂರದಿಂದ ನೋಡಿದರೆ ಬಿಳೀ ಪೆಟ್ಟಿಗೆ ಜೋಡಿಸಿಟ್ಟ ಹಾಗೆ. ಮೇಲೆ ಹೆಂಚಿಲ್ಲ, ಸಿಮೆಂಟಿನ ಸೂರು. ದೊಡ್ಡದೊಡ್ಡ ಕಿಟಕಿ, ಅವಕ್ಕೆ ಗಾಜಿನ ಬಾಗಿಲು. ಮೋಟಾರಿನಲ್ಲಿ ದೊಡ್ಡವರು ಬಂದು ರಸ್ತೆಯಲ್ಲಿ ನಿಂತು ನೋಡಿಕೊಂಡು ಹೋಗುತ್ತಿದ್ದರು. ಒಳಗೆ ಹೋಗಿ ನೋಡಿದವರನ್ನು ನಾನು ಕಾಣೆ.

ಒಂದು ಬೆಳಿಗ್ಗೆ ಆ ಸಾಲಿನ ಒಬ್ಬ ಫಿಟ್ಟರು ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದ. ಅಂಗಳದಲ್ಲೇ ನಿಂತು, ಹೆಂಡತಿಗೆ ದಿನ ತುಂಬಿದೆ, ಬರಬೇಕು ಅಂದ. ಅವರದು ತುಮಕೂರಿನ ಕಡೆ. ಹೆಂಡತಿಗೆ ತಾಯಿಯಿಲ್ಲ, ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ. ಬಾಣಂತನಕ್ಕೆ ಅವನ ತಾಯಿ ಊರಿಂದ ಬಂದಿದ್ದರು. ರಾಜಾಜಿನಗರದ ಹತ್ತಿರವೇ ಕೇತಮಾರನಹಳ್ಳಿಯಲ್ಲಿ ನನ್ನ ಹಾಗೇ ಹೆರಿಗೆ ಮಾಡಿಸುವವರು ಇಬ್ಬರಿದ್ದರು. ಅವರನ್ನು ಬಿಟ್ಟು ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದೆ. ಸೈಕಲ್ಲಿನ ಗಂಟೆ ಸವರುತ್ತಾ ಹೇಳಿದ.

ಅವರ ಮನೆಯಿಂದ ಮೂರನೆಯ ಮನೆಯಲ್ಲಿ ಹಿಂದಿನ ತಿಂಗಳು ಒಬ್ಬಳು ಬಾಣಂತಿ ಸತ್ತಿದ್ದಳು. ಕೂಸೂ ಸತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಇಬ್ಬರೂ ಮಂಚದ ಮೇಲೆ ಮಲಗಿದ್ದ ಹಾಗೇ ಇದ್ದರು. ಮುಖ ಕೆಂಪಗೆ ನಿದ್ದೆ ಹೋದವರ ಹಾಗಿತ್ತಂತೆ. ಗಾಳಿ ಸೋಕಿತು ಅಂತ ಸಾಲಿನವರೆಲ್ಲ ತೀರ್ಮಾನ ಮಾಡಿದರು. ಮನೆ ತುಂಬ ಕಿಟಕಿ ಇಟ್ಟರೆ ಇನ್ನೇನಾಗುತ್ತದೆ ಅಂದರು. ಆಮೇಲೆ ಆ ಸಾಲಿಗೆ ಯಾವ ಸೂಲಗಿತ್ತಿಯೂ ಕಾಲಿಡಲಿಲ್ಲ.

ಆಸ್ಪತ್ರೆಗೆ ಸೇರಿಸು ಅಂದೆ. "ಅಮ್ಮ ಒಪ್ಪಲ್ಲ ಅಕ್ಕ. ಆಸ್ಪತ್ರೇಲೂ ಬರೀ ಕಿಟಕೀನೇ ಅಂತಾಳೆ," ಅಂದ.

ನಾನು ಗಾಳಿಗೀಳಿಗೆ ಹೆದರಿದವಳಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಾಣಂತಿಗೆ ಗಾಳಿ ಆಗದು ಅಂತ ನಮ್ಮಮ್ಮನಿಂದ ಕಲಿತದ್ದು, ಅದನ್ನೇ ಮಾಡಿಕೊಂಡು ಬಂದಿದ್ದೆ. ಆದರೂ ಹೊರಟೆ. ಹೆರುವವಳಿಗೆ ಕೇತಮಾರನಹಳ್ಳಿಯವರ ಭಯ ಗೊತ್ತಾಗುವುದಿಲ್ಲವಲ್ಲ.

ಮನೆಯ ಒಳಗಿನ ಲೆಕ್ಕ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಸ್ತೆಯಿಂದ ನೇರ ಬಾಗಿಲು. ಬಾಗಿಲು ದಾಟಿದರೆ ಒಂದೇ ಒಂದು ದೊಡ್ಡ ಕೋಣೆ. ಅದರ ಹಿಂದೆ ಸಣ್ಣ ಅಡುಗೆಮನೆ, ಅದರ ಹಿಂದೆ ಹಿತ್ತಿಲು, ಹಿತ್ತಿಲ ಮೂಲೆಯಲ್ಲಿ ಬಚ್ಚಲು. ಮುಂಬಾಗಿಲು, ಅಡುಗೆಮನೆ ಬಾಗಿಲು, ಹಿತ್ತಿಲ ಬಾಗಿಲು ಒಂದೇ ಗೆರೆಯಲ್ಲಿ. ರಸ್ತೆಯಲ್ಲಿ ಹೋಗುವವನಿಗೆ ಹಿತ್ತಿಲ ಗೋಡೆ ಕಾಣುತ್ತಿತ್ತು. ಎರಡೂ ಪಕ್ಕದ ಗೋಡೆ ಅಕ್ಕಪಕ್ಕದ ಮನೆಗೂ ಸೇರಿದ್ದು, ಅವಕ್ಕೆ ಕಿಂಡಿಯೂ ಇಲ್ಲ. ಕಿಟಕಿ ಇದ್ದದ್ದು ರಸ್ತೆ ಕಡೆಗೆ, ಅದೂ ಮಂಚದಷ್ಟು ಅಗಲ. ಕಿಟಕಿಯ ಮೇಲೆ, ಸೂರಿಗೆ ಅಂಟಿಕೊಂಡ ಹಾಗೆ ಎರಡು ಗವಾಕ್ಷಿ. ನೆಲ ಕೆಂಪು ಸಿಮೆಂಟು, ಮುಖ ಕಾಣುವಷ್ಟು ನುಣುಪು.

ನಮ್ಮ ಹಳ್ಳಿ ಮನೆಗಳಲ್ಲಿ ಒಂದು ಕತ್ತಲೆ ಕೋಣೆ ಇರುತ್ತದೆ. ದವಸ ಇಡುವುದು ಅಲ್ಲೇ, ಹೆರುವುದು ಅಲ್ಲೇ, ಬೇಸರವಾದಾಗ ಹೆಂಗಸು ಮುಸುಕು ಹಾಕಿಕೊಂಡು ಮಲಗುವುದೂ ಅಲ್ಲೇ. ಇಲ್ಲಿ ಅಂಥದ್ದು ಇರಲಿಲ್ಲ. ಬೆಳಕು ಬೇಕಾದಷ್ಟಿತ್ತು. ಮರೆ ಇರಲಿಲ್ಲ.

ನಾನು ಹೋಗುವ ಹೊತ್ತಿಗೆ ಬೆಳಕೂ ಇರಲಿಲ್ಲ. ಹೆರುವವಳ ಅತ್ತೆ ಕಿಟಕಿಯ ಗಾಜಿಗೆಲ್ಲ ರಟ್ಟು ಬಡಿಸಿ, ಅದರ ಮೇಲೆ ಗೋಣಿ ಹೊಡೆಸಿದ್ದರು. ಎರಡು ಗವಾಕ್ಷಿಗೂ ಇಟ್ಟಿಗೆ ಚೂರು ತುಂಬಿ ಮಣ್ಣು ಮೆತ್ತಿಸಿದ್ದರು. ಮುಂಬಾಗಿಲ ಸಂದಿಗೆ ಹಳೇ ಸೀರೆ. ಆ ಮನೆ ಮಾತ್ರವಲ್ಲ, ಬಸುರಿಯರಿದ್ದ ಮನೆಯ ಕಿಟಕಿಯೆಲ್ಲ ಹಾಗೇ ಆಗಿತ್ತು. ಹೊರಗಿಂದ ನೋಡಿದರೆ ಬಿಳೀ ಗೋಡೆಯ ಮೇಲೆ ಸಾಲಾಗಿ ಗೋಣಿ ಪಟ್ಟಿ.

ಅತ್ತೆ ಕೆಟ್ಟವರಲ್ಲ. ಅವರೂ ಆರು ಹೆತ್ತು ಒಬ್ಬನನ್ನು ಉಳಿಸಿಕೊಂಡವರು. ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಒಂದೇ ಮಾತು ಹೇಳಿದರು. "ನೋಡಮ್ಮ, ಆ ಮನೆಯೋರು ಗವಾಕ್ಷಿ ಅರ್ಧ ಬಿಟ್ಟಿದ್ರು. ನಾನು ಬಿಟ್ಟಿಲ್ಲ. ಇರುವೆ ಬರೋಷ್ಟು ಜಾಗ ಬಿಟ್ಟಿಲ್ಲ."

ಹೆರಿಗೆ ಸುಲಭವಾಗಿಯೇ ಆಯಿತು. ಮಧ್ಯಾಹ್ನ ನೋವು ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು. ಗಟ್ಟಿಯಾಗಿ ಅತ್ತಿತು. ಹೊಕ್ಕುಳಬಳ್ಳಿ ಕತ್ತರಿಸಿ, ಕಸ, ಅಂದರೆ ಮಾಸು, ಪೂರ್ತಿ ಬಂತೇ ಅಂತ ತಿರುವಿ ನೋಡಿ, ನಡು ಬಿಗಿದು ಕಟ್ಟಿ ಮಲಗಿಸಿದೆ. ಅಲ್ಲಿಂದ ತೊಂದರೆ ಶುರುವಾಯಿತು. ಎಲ್ಲಿ ಮಲಗಿಸುವುದು.

ಮೊದಲು ಕಿಟಕಿ ಕೆಳಗೆ ಮಂಚ ಹಾಕಿದೆ. ಗೋಣಿ ಇದ್ದರೂ ತಲೆಯ ಮೇಲೆ ಕಿಟಕಿ ಇದೆ ಅಂತ ಅತ್ತೆಗೆ ಸಮಾಧಾನವಿಲ್ಲ. ಅಡುಗೆಮನೆ ಗೋಡೆಗೆ ಒತ್ತಿ ಹಾಕಿದೆವು. ಫಿಟ್ಟರು ಹಿತ್ತಿಲ ಬಾಗಿಲು ತೆಗೆದಾಗಲೆಲ್ಲ ಚಳಿ ನೇರ ಕಾಲಿಗೆ ಬಡಿಯಿತು. ಕೊನೆಗೆ ಮುಂಬಾಗಿಲ ಹಿಂದಿನ ಮೂಲೆ. ಅಲ್ಲಿ ಬಾಗಿಲು ತೆಗೆದರೆ ಮಂಚದ ಕಾಲಿಗೆ ತಾಗುತ್ತಿತ್ತು, ಬಂದವರ ಚಪ್ಪಲಿ ಬಾಣಂತಿಯ ಮುಖದ ಹತ್ತಿರ. ಹಾಗಾಗಿ ಬಾಗಿಲು ತೆಗೆಯುವುದನ್ನೇ ಬಿಟ್ಟರು. ಎಲ್ಲರೂ ಹಿತ್ತಿಲಿಂದ ಓಡಾಡಿದರು, ಅಡುಗೆಮನೆಯ ನಡುವಿನ ಬಾಗಿಲನ್ನೂ ಎಳೆದುಕೊಂಡರು.

ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟೆ. ಹಗ್ಗದ ಮಂಚ, ಕೆಳಗೆ ಇದ್ದಿಲ ಕೆಂಡ, ಸಣ್ಣ ಉರಿಯೂ ಇಲ್ಲದೆ ಕೆಂಪಗೆ. ಮಾಗಿಯಲ್ಲಿ ಹೆತ್ತವಳಿಗೆ ಅದಿಲ್ಲದೆ ಆಗುವುದಿಲ್ಲ. ದಿನಾ ಬೆಳಿಗ್ಗೆ ನಾನು ಹೋಗುತ್ತಿದ್ದೆ. ಹಂಡೆ ನೀರು ಕಾಯಿಸಿ, ಬಾಣಂತಿಗೆ ಎಣ್ಣೆ ತಿಕ್ಕಿ, ಹಿತ್ತಿಲ ಬಚ್ಚಲಿಗೆ ಕಂಬಳಿ ಹೊದಿಸಿ ಕರೆದುಕೊಂಡು ಹೋಗಿ ಎರೆಯುತ್ತಿದ್ದೆ. ತಂದು ಮಲಗಿಸಿ, ಸಾಂಬ್ರಾಣಿಗೆ ಬೆಳ್ಳುಳ್ಳಿ ಸಿಪ್ಪೆ ಓಮ ಹಾಕಿ ಹೊಗೆ ಕೊಟ್ಟು, ಕಿವಿಗೆ ಹತ್ತಿ ಇಟ್ಟು, ನಡು ಬಿಗಿಯುತ್ತಿದ್ದೆ. ಆಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು. ಮೆಣಸಿನ ಸಾರಿನ ಅನ್ನ ಉಣ್ಣಿಸಿ, ಕೆಂಡ ತುಂಬಿಸಿಟ್ಟು, ಸಂಜೆ ಊರಿಗೆ ಬರುತ್ತಿದ್ದೆ. ಹೊರಡುವ ಮುಂಚೆ ಅತ್ತೆ ಬಾಗಿಲ ಸಂದಿಯ ಸೀರೆ ಒಮ್ಮೆ ಒತ್ತಿ ನೋಡುತ್ತಿದ್ದರು.

ಮೂರ್ನಾಲ್ಕು ದಿನವಾಗುವ ಹೊತ್ತಿಗೆ ಬಾಣಂತಿ ತಲೆ ಸಿಡಿಯುತ್ತದೆ ಅಂದಳು. ಉಂಡದ್ದು ವಾಂತಿಯಾಯಿತು. ಎದೆ ಹಾಲು ಇತ್ತು, ಆದರೆ ಕೂಸು ಎರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು. ಪಾದ ತಟ್ಟಿದರೂ ಏಳುತ್ತಿರಲಿಲ್ಲ. ಬಂದು ನೋಡಿದ ನೆರೆಯವಳು, ಕೂಸು ಕೆಂಪಗೆ ಗುಲಾಬಿ ಹಾಗಿದೆ, ಅಳುವುದೇ ಇಲ್ಲ, ಪುಣ್ಯ ಮಾಡಿದ್ದೀರಿ ಅಂದಳು. ನನಗೂ ಮೊದಲು ಹಾಗೇ ಅನ್ನಿಸಿತು.

ನಮ್ಮ ಕ್ರಮದಲ್ಲಿ ತಲೆನೋವು ವಾಂತಿ ಅಂದರೆ ಶೀತ ಹೊಕ್ಕಿದೆ ಅಂತ. ಶೀತಕ್ಕೆ ಶಾಖ. ಅತ್ತೆ ಇನ್ನೊಂದು ಅಗ್ಗಿಷ್ಟಿಕೆ ತರಿಸಿದರು. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. ಶುಂಠಿ ಕಷಾಯ ನಾನು ಕುದಿಸಿ ಕೊಟ್ಟೆ. ಮಾರನೆಯ ದಿನ ಬಾಣಂತಿಗೆ ಎದ್ದು ಕೂರಲು ಆಗಲಿಲ್ಲ. ಬಚ್ಚಲಿಗೆ ನಾನೂ ಅತ್ತೆಯೂ ಎರಡು ಕಡೆ ಹಿಡಿದು ನಡೆಸಿದೆವು. ಹಿತ್ತಿಲಿಗೆ ಬಂದ ಮೇಲೆ ಅವಳು ತಲೆ ಎತ್ತಿ ಆಕಾಶ ನೋಡಿದಳು. ನೀರು ಎರೆಯುತ್ತಾ ಇದ್ದ ಹಾಗೇ, "ಇಲ್ಲೇ ಇರ್ತೀನಿ ಅಕ್ಕ, ಇಲ್ಲಿ ಹಗುರಾಗುತ್ತೆ," ಅಂದಳು. ಹೆತ್ತವಳಿಗೆ ಬಿಸಿನೀರು ಬಿದ್ದರೆ ಹಗುರಾಗುವುದು ಸಹಜ ಅಂತ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದರೆ ನನಗೂ ತಲೆನೋವು ಹತ್ತಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಹಣೆಗೆ ಹಗ್ಗ ಬಿಗಿದ ಹಾಗೆ. ಸಂಜೆ ಹೊಲದ ಬದುವಿಗೆ ಬಂದ ಮೇಲೆ ಬಿಡುತ್ತಿತ್ತು. ಹೊಸ ಮನೆ, ಸುಣ್ಣ ಬಣ್ಣದ ವಾಸನೆ ಇರಬೇಕು ಅಂದುಕೊಂಡೆ. ನಮ್ಮ ಕಡೆಯ ಕತ್ತಲೆ ಕೋಣೆಗಳಲ್ಲಿ ಎಷ್ಟು ಬಾಣಂತನ ಮಾಡಿದ್ದೆ, ಇದೇ ಅಗ್ಗಿಷ್ಟಿಕೆ, ಇದೇ ಇದ್ದಿಲು, ಕಿಟಕಿಯೇ ಇಲ್ಲದ ಕೋಣೆ. ಒಂದು ದಿನವೂ ತಲೆ ನೋಯಲಿಲ್ಲ. ಇಲ್ಲಿ ಯಾಕೆ ಅನ್ನುವುದು ನನಗೆ ಬಗೆಹರಿಯಲಿಲ್ಲ. ಒಬ್ಬರನ್ನು ಕೇಳೋಣವೆಂದರೆ ಕೇಳುವುದೂ ಯಾರನ್ನ.

ಹೀಗಿರುವಾಗ ಒಂದು ಮಧ್ಯಾಹ್ನ ಇಂಜಿನಿಯರು ಬಂದ. ಆ ಸಾಲು ಕಟ್ಟಿಸಿದವನೇ. ನನಗಿಂತ ಚಿಕ್ಕವನು, ಸಣ್ಣಗೆ, ತಲೆಗೆ ಟೋಪಿ. ರಸ್ತೆಯಲ್ಲಿ ನಿಂತು ಒಂದೊಂದೇ ಮನೆಯ ಗೋಣಿ ನೋಡುತ್ತಾ ಬರುತ್ತಿದ್ದ. ನಮ್ಮ ಮನೆ ಮುಂದೆ ನಿಂತು ಬಾಗಿಲು ಬಡಿದ. ಅತ್ತೆ ತೆಗೆಯಬೇಡ ಅಂದರು. ನಾನು ಮಂಚ ಸ್ವಲ್ಪ ಸರಿಸಿ, ಬಾಣಂತಿಗೆ ಮುಸುಕು ಹಾಕಿ, ಬಾಗಿಲು ತೆಗೆದು ಹೊಸ್ತಿಲಲ್ಲಿ ನಿಂತೆ.

"ಈ ಗವಾಕ್ಷಿ ಯಾರಮ್ಮ ಮುಚ್ಚಿದ್ದು?" ಅಂದ. ಕೋಪವಿತ್ತು, ಜೋರು ಇರಲಿಲ್ಲ.

"ಮನೆಯೋರೇ ಸ್ವಾಮಿ. ಬಾಣಂತಿ ಇದಾಳೆ. ಗಾಳಿ ಬರುತ್ತೆ ಅಂತ."

"ಗಾಳಿ ಬರ್ಲಿ ಅಂತ ಕಿಟಕಿ ಇಟ್ಟಿದ್ದು. ಗವಾಕ್ಷಿ ಇಟ್ಟಿದ್ದು ಗಾಳಿ ಹೋಗ್ಲಿ ಅಂತ." ಟೋಪಿ ತೆಗೆದು ಸೂರಿನ ಕಡೆ ತೋರಿಸಿದ. "ಇದು ಹೆಂಚಿನ ಮನೆ ಅಲ್ಲಮ್ಮ. ಹೆಂಚಿನ ಮನೇಲಿ ನೀವು ಎಲ್ಲ ಬಾಗಿಲು ಹಾಕಿದ್ರೂ ಸೂರೇ ಉಸಿರಾಡುತ್ತೆ. ಇದು ಡಬ್ಬಿ. ಒಳಗೆ ಏನು ಉರಿಸಿದ್ರೂ ಒಳಗೇ ಇರುತ್ತೆ. ಅದಕ್ಕೆ ಇರೋದು ಆ ಎರಡು ತೂತು, ಅಷ್ಟೇ."

ಹೊಗೆ ಇಲ್ಲ ಸ್ವಾಮಿ, ಬರೀ ಕೆಂಡ ಅಂದೆ.

"ಹೊಗೆ ಕಾಣ್ದೆ ಇದ್ರೂ ಇರುತ್ತೆ," ಅಂದ. ಅದಕ್ಕಿಂತ ಹೆಚ್ಚು ಅವನಿಗೆ ಗೊತ್ತಿತ್ತೋ ಇಲ್ಲವೋ, ಹೇಳಲಿಲ್ಲ.

ನನಗೂ ಸಿಟ್ಟು ಬಂತು. ತಿಂಗಳಿಂದ ಇಡೀ ಸಾಲು ಹೆದರಿ ಕೂತಿದೆ, ಇವನು ತೂತಿನ ಮಾತಾಡುತ್ತಾನೆ ಅನ್ನಿಸಿತು. "ಕಟ್ಟಿಸಿದ್ದು ಸರಿ ಸ್ವಾಮಿ. ಇದರೊಳಗೆ ಹೆತ್ತೋಳು ಎಲ್ಲಿ ಮಲಗಬೇಕು, ನೀವೇ ಹೇಳಿ. ಜಾಗ ತೋರ್ಸಿ," ಅಂದೆ.

ಅವನು ಹೊಸ್ತಿಲಾಚೆಯಿಂದ ಬಗ್ಗಿ ನೋಡಿದ. ಕಣ್ಣು ಕತ್ತಲೆಗೆ ಹೊಂದಲು ಸ್ವಲ್ಪ ಹೊತ್ತು ಹಿಡಿಯಿತು. ಅಡುಗೆಮನೆ ಗೋಡೆ ಕಡೆ ಬೆರಳು ಎತ್ತಿದ, ಹಿತ್ತಿಲ ಬಾಗಿಲು ನೋಡಿ ಇಳಿಸಿದ. ಕಿಟಕಿ ಕಡೆ ತಿರುಗಿದ. ಆಮೇಲೆ ಇನ್ನೂ ನೋಡಬೇಕು ಅಂತ ಒಂದು ಕಾಲು ಒಳಗಿಟ್ಟ. ಅತ್ತೆ ಒಳಗಿಂದ, ಮೈಲಿಗೆ, ಒಳಗೆ ಬರಬೇಡಿ ಅಂದರು. ಕಾಲು ಹಿಂದೆ ತೆಗೆದುಕೊಂಡ. ಅವನೇ ಗೆರೆ ಎಳೆದ ಮನೆ, ಆ ಹೊತ್ತಿಗೆ ಅವನಿಗೇ ಪ್ರವೇಶವಿರಲಿಲ್ಲ.

ಜಾಗ ಇಷ್ಟೇ ಕೊಟ್ಟಿದ್ದರು ಅಂತ ಹೇಳಿದ. ಇಷ್ಟರಲ್ಲಿ ಇನ್ನೊಂದು ಗೋಡೆ ಎಬ್ಬಿಸಿದ್ದರೆ ಅರ್ಧ ಕತ್ತಲೆಯಾಗುತ್ತಿತ್ತು ಅಂದ. ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, "ನಮ್ಮಮ್ಮ ಮಲಗ್ತಿದ್ದ ಕೋಣೇಲಿ ಹಗಲೇ ದೀಪ ಹಚ್ಚಬೇಕಿತ್ತು. ಆ ಹೊಗೇಲೇ ಕೆಮ್ಮಿ ಕೆಮ್ಮಿ ಹೋದ್ಲು. ಅದಕ್ಕೇ ಕಿಟಕಿ ದೊಡ್ಡದು ಮಾಡ್ದೆ," ಅಂದ.

ಅವನು ಟೋಪಿ ಹಾಕಿಕೊಂಡ. ಆ ಗವಾಕ್ಷಿ ಒಂದನ್ನು ಬಿಡಿಸಿಬಿಡಿ ಅಂತ ಹೇಳಿ ಹೋದ. ಬಾಗಿಲು ಹಾಕಿದ ಕೂಡಲೇ ಅತ್ತೆ, ಹಾಳು ಮನೆ ಕಟ್ಟಿದ್ದೂ ಅಲ್ಲದೆ ಬುದ್ಧಿ ಹೇಳಲು ಬಂದ ಅಂತ ಬೈದುಕೊಂಡು ಸಂದಿಗೆ ಸೀರೆ ತುರುಕಿದರು.

ಮಾರನೆಯ ದಿನ ಬಾಣಂತಿಗೆ ಎರೆದು, ಬಚ್ಚಲಲ್ಲೇ ಬೆಚ್ಚಗೆ ಸುತ್ತಿ ಕೂರಿಸಿದೆ. ಕೂಸನ್ನು ಅವಳ ಮಡಿಲಿಗೆ ಹಾಕಿದೆ. ಅತ್ತೆ ಅವಳ ಜೊತೆ ಇದ್ದರು. ನಾನು ಒಳಗೆ ಬಂದು ಹಾಸಿಗೆ ಕೊಡವಿ ಹಾಕಬೇಕಿತ್ತು. ಹಾಕಲಿಲ್ಲ. ಅಡುಗೆಮನೆ ಬಾಗಿಲು ಎಳೆದುಕೊಂಡು, ಆ ಮಂಚದ ಮೇಲೆ ಅವಳು ಮಲಗುವ ಹಾಗೇ ಮಲಗಿದೆ. ತಲೆಯವರೆಗೆ ಕಂಬಳಿ ಎಳೆದುಕೊಂಡೆ. ಅಷ್ಟು ವರ್ಷ ಬಾಣಂತನ ಮಾಡಿದ್ದೆ, ಬಾಣಂತಿಯ ಮಂಚದ ಮೇಲೆ ಮೈ ಚಾಚಿದ್ದು ಅವತ್ತೇ. ನನ್ನ ಹೆರಿಗೆಗಳ ಮಾತು ಬೇರೆ, ಆಗ ನೋವಿನ ಮಧ್ಯೆ ಯಾರು ಸೂರು ನೋಡುತ್ತಾರೆ.

ಬೆನ್ನಿಗೆ ಬೆಚ್ಚಗಿತ್ತು. ಮೊದಲು ಸುಖವೇ ಅನ್ನಿಸಿತು. ಸೂರು ತೀರ ಹತ್ತಿರ ಇದ್ದ ಹಾಗೆ ಕಂಡಿತು, ನುಣ್ಣಗೆ, ಒಂದು ತೊಲೆಯಿಲ್ಲ, ಒಂದು ಸಂದಿಲ್ಲ, ಕಣ್ಣು ನಿಲ್ಲುವುದಕ್ಕೆ ಒಂದು ಗಂಟಿಲ್ಲ. ನಮ್ಮ ಮನೆಯಲ್ಲಿ ಮಲಗಿದರೆ ಹೆಂಚಿನ ಸಂದಿನಲ್ಲಿ ಬಿಸಿಲಿನ ಚುಕ್ಕೆ ಕಾಣುತ್ತದೆ. ಅದು ಸರಿಯುವುದನ್ನು ನೋಡಿ ಹೊತ್ತು ಗೊತ್ತಾಗುತ್ತದೆ. ಇಲ್ಲಿ ಹೊತ್ತೇ ಇರಲಿಲ್ಲ. ಬರಬರುತ್ತಾ ಕೈ ಭಾರವಾಯಿತು. ಹಣೆಯ ಹಗ್ಗ ಬಿಗಿಯಿತು. ಏಳಬೇಕು ಅನ್ನಿಸಿತು, ಆಮೇಲೆ ಏಳುತ್ತೇನೆ ಅಂತಲೂ ಅನ್ನಿಸಿತು. ಆ ಎರಡನೆಯದು ಅನ್ನಿಸಿದಾಗ ನನಗೆ ಹೆದರಿಕೆಯಾಯಿತು. ಮೂರನೆಯ ಮನೆಯವಳು, ಮಲಗಿದ್ದ ಹಾಗೇ, ಮುಖ ಕೆಂಪಗೆ, ಅಂದಿದ್ದನಲ್ಲ ಫಿಟ್ಟರು. ಅವಳೂ ಆಮೇಲೆ ಏಳುತ್ತೇನೆ ಅಂದುಕೊಂಡೇ ಹೋಗಿರಬೇಕು.

ಮಂಚದಿಂದ ಉರುಳಿಕೊಂಡೇ ಇಳಿದೆ. ಹಿತ್ತಿಲಿಗೆ ಬಂದು ವಾಂತಿ ಮಾಡಿದೆ. ಅತ್ತೆ ನನಗೂ ಸೋಕಿತು ಅಂತ ಬೇವಿನ ಸೊಪ್ಪಿಗೆ ಹೊರಟರು. ನಾನು ಅವರ ಕೈ ಹಿಡಿದು ನಿಲ್ಲಿಸಿ, ಗವಾಕ್ಷಿ ತೆಗೆಯಬೇಕು, ಅಗ್ಗಿಷ್ಟಿಕೆ ಹೊರಗಿಡಬೇಕು ಅಂದೆ. ಅವರು ನನ್ನನ್ನು ನೋಡಿದ ರೀತಿ ಮರೆಯಲಾಗದು.

"ಅವನ ಮಾತು ಕೇಳಿ ನನ್ನ ಸೊಸೇನ ಗಾಳಿಗೆ ಕೊಡ್ತೀಯಾ?"

"ಕೊಡೋದಲ್ಲ ಅಮ್ಮಾವ್ರೆ, ನಾನೀಗ ಆ ಮಂಚದ ಮೇಲೆ ಮಲಗಿ ಬಂದೆ. ಅಲ್ಲಿ ಮಲಗಿದ್ರೆ ನಾನೂ ಉಳಿಯಲ್ಲ. ನೀವೂ ಮಲಗಿ ನೋಡಿ."

"ನಾನು ಆರು ಹೆತ್ತೋಳು. ನಿನ್ನ ಹತ್ರ ಕಲೀಬೇಕಾಗಿಲ್ಲ. ಈ ಮನೇಲೂ ಹೆಣ ಬಿದ್ರೆ ನಿನ್ನ ಮೇಲೆ ಹಾಕ್ತೀನಿ ಕಣೇ."

"ಹಾಕಿ," ಅಂದೆ.

ಮಾತು ಅಲ್ಲಿಗೇ ನಿಂತು ಹೋಗುತ್ತಿತ್ತೇನೋ. ಬಚ್ಚಲ ಕಲ್ಲಿನ ಮೇಲೆ ಕಂಬಳಿಯೊಳಗೆ ಕೂತಿದ್ದ ಬಾಣಂತಿ ಬಾಯಿ ಬಿಟ್ಟಳು. ಆ ಮನೆಗೆ ಬಂದಾಗಿನಿಂದ ಅವಳು ಅತ್ತೆಯ ಎದುರು ಮಾತಾಡಿದ್ದು ನಾನು ಕೇಳಿರಲಿಲ್ಲ. "ತೆಗೀಲಿ ಬಿಡಿ ಅತ್ತೆ. ಸತ್ರೂ ಉಸಿರಾಡ್ಕೊಂಡು ಸಾಯ್ತೀನಿ," ಅಂದಳು.

ಅತ್ತೆ ಹಿತ್ತಿಲಲ್ಲೇ ಕೂತುಬಿಟ್ಟರು. ಒಳಗೆ ಬರಲಿಲ್ಲ, ತಡೆಯಲೂ ಇಲ್ಲ.

ಸುಮ್ಮನೆ ಕಿಟಕಿ ತೆಗೆದು ಮಲಗಿಸಿದರೆ ಮಾಗಿಯ ಚಳಿಗೆ ಅವಳು ಉಳಿಯುವುದಿಲ್ಲ, ಅದು ನನಗೆ ಗೊತ್ತಿತ್ತು. ಇಡೀ ಕೋಣೆ ಬೆಚ್ಚಗೆ ಮಾಡುವುದು ನನ್ನಿಂದಾಗದ ಕೆಲಸ. ಬಾಣಂತಿಗೆ ಇಡೀ ಕೋಣೆ ಯಾಕೆ ಬೇಕು, ಮಂಚದಷ್ಟು ಸಾಕು. ಸಾಲಿನ ಕೊನೆಯಲ್ಲಿ ಕಟ್ಟಡಕ್ಕೆ ಸಾರುವೆ ಕಟ್ಟಿದ ಸರ್ವೆ ಮರದ ಉದ್ದ ಗಳುಗಳು ಇನ್ನೂ ರಾಶಿ ಬಿದ್ದಿದ್ದವು. ನಾಲ್ಕು ಎಳೆದು ತಂದೆ. ಅಡುಗೆಮನೆ ಗೋಡೆಯ ಮೂಲೆಗೆ ಮಂಚ ಹಾಕಿ, ನಾಲ್ಕು ಕಡೆ ಗಳು ನಿಲ್ಲಿಸಿ ಮಂಚದ ಕಾಲಿಗೇ ಹಗ್ಗದಲ್ಲಿ ಬಿಗಿದೆ. ಕಿಟಕಿಗೆ ಹೊಡೆದಿದ್ದ ಗೋಣಿ ಕಿತ್ತು, ಅದನ್ನೇ ಈ ಗಳುಗಳಿಗೆ ಸುತ್ತ ಕಟ್ಟಿದೆ, ಒಳಗಡೆಗೆ ಈಚಲು ಚಾಪೆ. ಎತ್ತರ ಆಳುದ್ದ. ಮೇಲೆ ಏನೂ ಮುಚ್ಚಲಿಲ್ಲ. ಅಡುಗೆಮನೆ ಕಡೆಗೆ ಒಂದು ಸೀರೆಯ ಪರದೆ, ಒಳಗೆ ಹೋಗಿಬರಲು. ದೊಡ್ಡ ಕೋಣೆಯೊಳಗೆ ಒಂದು ಸಣ್ಣ ಕತ್ತಲೆ ಕೋಣೆ.

ಆಮೇಲೆ ಕಿಟಕಿ ಕಟ್ಟೆ ಹತ್ತಿ ಗವಾಕ್ಷಿಯ ಮಣ್ಣು ಒನಕೆಯಿಂದ ಕುಟ್ಟಿದೆ. ಒಣಗಿ ಗಟ್ಟಿಯಾಗಿತ್ತು. ಒಂದು ತೆಗೆಯುವುದರಲ್ಲಿ ಕೈ ಬೊಬ್ಬೆ ಬಂತು. ಇಟ್ಟಿಗೆ ಚೂರು ಕೆಂಪು ನೆಲಕ್ಕೆ ಬಿದ್ದು ಅಲ್ಲಲ್ಲಿ ಗಾಯವಾಯಿತು. ಎರಡನೆಯದನ್ನೂ ತೆಗೆದೆ. ಕಿಟಕಿಯ ಗಾಜಿನ ರಟ್ಟು ಹಾಗೇ ಬಿಟ್ಟೆ, ರಸ್ತೆಯವರ ಕಣ್ಣಿಗೆ ಅಡ್ಡ ಇರಲಿ ಅಂತ. ಕೆಂಡವನ್ನೆಲ್ಲ ಹಿತ್ತಿಲಿಗೆ ಹಾಕಿ ನೀರು ಸುರಿದೆ. ಶಾಖಕ್ಕೆ ಇಟ್ಟಿಗೆ ಚೂರುಗಳೇ ಆದವು. ಅಡುಗೆಮನೆ ಒಲೆಗೆ ಹೊಗೆಗೂಡಿತ್ತು, ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಹಳೇ ಬಟ್ಟೆ ಸುತ್ತಿ, ಕಾಲ ಹತ್ತಿರ ಎರಡು, ಸೊಂಟದ ಹತ್ತಿರ ಎರಡು ಇಟ್ಟೆ. ತಣ್ಣಗಾದ ಹಾಗೆ ಬದಲಾಯಿಸುವುದು. ಅದು ಬಹಳ ಕೆಲಸ. ಅವತ್ತು ಊರಿಗೆ ಹೋಗಲಿಲ್ಲ.

ಫಿಟ್ಟರು ಪಾಳಿ ಮುಗಿಸಿ ಬಂದು ಆ ಗೋಣಿ ಗುಡಾರ ನೋಡಿದ. ತಾಯಿಯ ಮುಖ ನೋಡಿದ. ಇಟ್ಟಿಗೆ ಕಾಯಿಸಲು ಒಲೆ ಮುಂದೆ ಕೂತ.

ಬೆಳಿಗ್ಗೆ ಬಾಣಂತಿ ಹಸಿವು ಅಂದಳು. ತಲೆನೋವು ಅರ್ಧ ಇಳಿದಿತ್ತು. ಗವಾಕ್ಷಿಯಿಂದ ಒಂದು ಚೌಕ ಬಿಸಿಲು ಎದುರು ಗೋಡೆಗೆ ಬಿದ್ದಿತ್ತು, ಮಲಗಿದ್ದಲ್ಲಿಂದ ಅವಳಿಗೆ ಅದು ಕಾಣುತ್ತಿತ್ತು. ಕೂಸು ಅವತ್ತು ಎರಡು ಸಲ ಅತ್ತಿತು. ಅತ್ತೆ ಕೂಡ ಪರದೆ ಸರಿಸಿ ನೋಡಿದರು. ನಾನು ಗೆದ್ದೆ ಅಂದುಕೊಂಡೆ.

ಒಂದು ದಿನ ಹಾಗೇ ಕಳೆಯಿತು. ಅದರ ಮಾರನೆಯ ದಿನ ಕೂಸಿಗೆ ಉಸಿರು ಎಳೆಯಲು ಶುರುವಾಯಿತು. ಪಕ್ಕೆ ಒಳಗೆ ಸೇದುತ್ತಿತ್ತು, ಮೂಗಿನ ಹೊಳ್ಳೆ ಅಗಲವಾಗುತ್ತಿತ್ತು. ಎದೆಗೆ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಬಜೆ ತೇಯ್ದು ನೆಕ್ಕಿಸಿದೆ. ನನ್ನ ಎದೆಗೇ ಬರಿಮೈಯಲ್ಲಿ ಅವಚಿಕೊಂಡು ಮೇಲೆ ಕಂಬಳಿ ಹೊದ್ದು ಕೂತೆ. ಹಾಲು ಹಿಂಡಿ ಹತ್ತಿಯಲ್ಲಿ ಅದ್ದಿ ಬಾಯಿಗಿಟ್ಟರೆ ಹೊರಗೆ ಹರಿಯಿತು. ಫಿಟ್ಟರು ಡಾಕ್ಟರನ್ನು ಕರೆತರಲು ಸೈಕಲ್ಲು ಹತ್ತಿ ಹೋದ. ಅವನು ಬರುವುದರೊಳಗೆ ಮುಗಿಯಿತು. ಮಧ್ಯಾಹ್ನ. ಇನ್ನೂ ಹೆಸರಿಟ್ಟಿರಲಿಲ್ಲ.

ಅತ್ತೆ ಅಳಲಿಲ್ಲ. ಗವಾಕ್ಷಿಯ ಕಡೆ ಕೈ ತೋರಿಸಿ, ಅಲ್ಲಿಂದ ಬಂತು ಅಂದರು. ಆಮೇಲೆ ಬಾಗಿಲು ತೆಗೆದುಕೊಂಡು ಹೊರಗೆ ಹೋಗಿ, ಸಾಲಿನವರಿಗೆಲ್ಲ ಕೇಳುವ ಹಾಗೆ ಅದನ್ನೇ ಹೇಳಿದರು. ಯಾರೂ ನನ್ನನ್ನು ಬೈಯಲಿಲ್ಲ. ತಮ್ಮತಮ್ಮ ಮನೆಯ ಗವಾಕ್ಷಿ ನೋಡಿಕೊಂಡು ಒಳಗೆ ಹೋದರು.

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಫಿಟ್ಟರು ಒಯ್ದ. ನಾನು ಬಾಣಂತಿಯ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದೆ, ಹಾಲು ಇಂಗಬೇಕಲ್ಲ. ಅವಳು ಗೋಡೆಯ ಕಡೆ ನೋಡುತ್ತಾ ಕೇಳಿದಳು. "ಗಾಳಿನಾ ಅಕ್ಕ, ಕೆಂಡನಾ?"

"ಗೊತ್ತಿಲ್ಲ," ಅಂದೆ.

ಬೇರೆ ಯಾರಾದರೂ ಆಗಿದ್ದರೆ ಕೆಂಡ ಅಂತ ಹೇಳಿರುತ್ತಿದ್ದರೇನೋ, ಅವಳ ಸಮಾಧಾನಕ್ಕೆ, ತಮ್ಮ ಸಮಾಧಾನಕ್ಕೆ. ನನಗೆ ಹೇಳಲು ಬರಲಿಲ್ಲ. ಕೂಸು ಮೊದಲೇ ಕುಗ್ಗಿತ್ತು, ಅದು ನಿಜ. ಆ ಎರಡು ದಿನ ಇಟ್ಟಿಗೆ ತಣ್ಣಗಾದ ಗಳಿಗೆಗಳಿದ್ದವು, ಅದೂ ನಿಜ. ತಾಯಿ ಉಳಿದಳು. ಅದಕ್ಕೆ ಮಾತ್ರ ಕಾರಣ ನನಗೆ ಗೊತ್ತು. ಕೂಸಿನದ್ದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕಟ್ಟಿದ ಸಾಲುಗಳಲ್ಲಿ ಆ ಇಂಜಿನಿಯರು ಒಳಗೆ ಬೇರೆ ಥರ ಮಾಡಿದನೋ ಇಲ್ಲವೋ, ನೋಡಲು ನನ್ನನ್ನು ಯಾರೂ ಕರೆಯಲಿಲ್ಲ.

ಸಂಜೆ ಹೊರಡುವಾಗ ಅತ್ತೆ, ನಾಳೆಯಿಂದ ಬರಬೇಡ ಅಂದರು. ಸರಿ ಅಂದೆ. ಗೋಣಿ ಗುಡಾರ ಬಿಚ್ಚಬೇಡಿ, ಅವಳಿಗೆ ಇನ್ನೂ ಬೇಕು ಅಂತ ಫಿಟ್ಟರಿಗೆ ಹೇಳಿದೆ. ಅವನು ತಲೆ ಆಡಿಸಿದ. ಹೊರಗೆ ಬಂದು ಸಾಲನ್ನು ನೋಡಿದೆ. ಆಚೆ ತುದಿಯಲ್ಲಿ ಇನ್ನೊಂದು ಮನೆಯವಳಿಗೆ ಎಂಟು ತುಂಬಿ ಒಂಬತ್ತರಲ್ಲಿತ್ತು, ಅದರ ಪಕ್ಕದವಳೂ ಬಸುರಿ. ಅಷ್ಟು ಹೊತ್ತಿಗಾಗಲೇ ಎರಡೂ ಮನೆಯ ಗವಾಕ್ಷಿಗೆ ಹೊಸ ಗೋಣಿ ತುರುಕಿಯಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಹುಲ್ಲು ಕೊಯ್ಯುವ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಅದೇ ಬದು ಹಿಡಿದು ಹೋದೆ. ತುದಿಯ ಮನೆಯ ಬಾಗಿಲು ಬಡಿದೆ. ಬಸುರಿಯ ಅತ್ತೆ ಅರ್ಧ ಬಾಗಿಲು ತೆಗೆದು, ನಿನ್ನನ್ನು ಯಾರೂ ಕರೆದಿಲ್ಲ ಅಂತ ಹೇಳಿ ಹಾಕಿಕೊಂಡಳು. ನಾನು ಸೆರಗು ಬಿಗಿದು, ರಸ್ತೆಯವರು ನೋಡುತ್ತಿದ್ದ ಹಾಗೇ ಅವರ ಕಿಟಕಿ ಕಟ್ಟೆ ಹತ್ತಿ, ಕುಡುಗೋಲಿನ ತುದಿ ಗವಾಕ್ಷಿಗೆ ಹಾಕಿ ಗೋಣಿ ಎಳೆದೆ. ಒಳಗಿಂದ ಯಾರು ಯಾರು ಅಂದರು. ಗೋಣಿ ಒಮ್ಮೆಲೇ ಕಿತ್ತು ಬಂತು, ಮಣ್ಣೆಲ್ಲ ಕಣ್ಣಿಗೆ ಬಿತ್ತು. ಇಳಿದು, ಕಣ್ಣು ಒರೆಸಿಕೊಂಡು, ಪಕ್ಕದ ಮನೆಯ ಕಟ್ಟೆ ಹತ್ತಿದೆ.